ಹಂಚಿಟ್ಟ ಗುಟ್ಟಿನ ದಾಖಲೆ ಮರಳಿ ಸಿಗುತ್ತದೆಯೇ? ತೆರೆಯದೆ ಪರೀಕ್ಷಿಸುವ ಬಗೆ

ಪ್ರಶ್ನೆ: ನಮ್ಮದು ಸಣ್ಣ ಸಂಶೋಧನಾ ತಂಡ. ಹಿಂಸೆಗೆ ಸಿಕ್ಕಿ ಬದುಕುಳಿದವರ ಮಾತುಗಳನ್ನು ರೆಕಾರ್ಡ್ ಮಾಡಿದ್ದೇವೆ. ಒಟ್ಟು ಸುಮಾರು 600 ಜಿಬಿ. 25 ವರ್ಷ ಯಾರೂ ತೆರೆಯುವುದಿಲ್ಲ ಎಂದು ಅವರಿಗೆ ಮಾತು ಕೊಟ್ಟಿದ್ದೇವೆ. ಎಲ್ಲವನ್ನೂ ಎಇಎಸ್-256ರಲ್ಲಿ ಎನ್‌ಕ್ರಿಪ್ಟ್ ಮಾಡಿ, ರೀಡ್-ಸಾಲೊಮನ್ ವಿಧಾನದಲ್ಲಿ (ಕೆಲವು ತುಣುಕು ಹೋದರೂ ಉಳಿದವುಗಳಿಂದ ಪೂರ್ತಿ ಮರಳಿ ಕಟ್ಟುವ ಬಗೆ) ಐದು ತುಣುಕು ಮಾಡಿ, ಐದು ಕಡೆ ಇಟ್ಟಿದ್ದೇವೆ. ಕೀಲಿಯನ್ನು ಶಮೀರ್ ವಿಧಾನದಲ್ಲಿ ಐದು ಪಾಲು ಮಾಡಿ ಐವರಿಗೆ ಕೊಟ್ಟಿದ್ದೇವೆ. ಎರಡರಲ್ಲೂ ಯಾವ ಮೂರು ಸೇರಿದರೂ ಸಾಕು. ಕೇಳಿದಾಗಲೆಲ್ಲ ಐವರೂ "ಭದ್ರವಾಗಿದೆ" ಎನ್ನುತ್ತಾರೆ. ಆದರೆ ಅದು ನಿಜವಾಗಿ ಮರಳಿ ಸಿಗುತ್ತದೆ ಎಂದು ಈಗಲೇ, ತೆರೆಯದೆಯೇ, ಖಚಿತ ಮಾಡಿಕೊಳ್ಳಲು ಆಗುತ್ತದೆಯೇ?

ಉತ್ತರ: ಆಗುತ್ತದೆ. ಒಂದೇ ಪರೀಕ್ಷೆಯಿಂದ ಆಗುವುದಿಲ್ಲ, ಮೂರು ನಾಲ್ಕನ್ನು ಜೋಡಿಸಬೇಕು. ನೀವು ಕೊಟ್ಟ ಮಾತಿನಲ್ಲಿ ಎರಡು ಭಾಗ ಇದೆ. ಸಮಯಕ್ಕೆ ಮೊದಲು ಯಾರ ಕೈಗೂ ಸಿಗಬಾರದು. ಸಮಯ ಬಂದಾಗ ಸಿಗಲೇಬೇಕು. ಹೆಚ್ಚಿನ ತಂಡಗಳು ಮೊದಲನೆಯದಕ್ಕೆ ತುಂಬ ತಲೆ ಕೆಡಿಸಿಕೊಳ್ಳುತ್ತವೆ, ಎರಡನೆಯದನ್ನು ಹಾಗೇ ಬಿಟ್ಟುಬಿಡುತ್ತವೆ. ಆ ಜನ ಕಷ್ಟಪಟ್ಟು ಬಾಯಿ ಬಿಟ್ಟು ಹೇಳಿದ ಮಾತು ಒಂದು ಡಿಸ್ಕ್ ಕೆಟ್ಟಿದ್ದಕ್ಕೆ ಇಲ್ಲವಾದರೆ, ಅದೂ ಮಾತು ತಪ್ಪಿದ ಹಾಗೆಯೇ. ಅದಕ್ಕೇ ನೀವು ಈಗಲೇ ಕೇಳಿದ್ದು ನನಗೆ ಖುಷಿ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ತುಣುಕು ಇದೆ ಎನ್ನುವುದು ಬೇರೆ, ಆ ತುಣುಕಿನಿಂದ ದಾಖಲೆ ಎದ್ದು ಬರುತ್ತದೆ ಎನ್ನುವುದು ಬೇರೆ. ಈ ವ್ಯತ್ಯಾಸ ಕಣ್ಣಿಗೆ ಕಾಣಬೇಕಾದರೆ ಸಣ್ಣ ಲೆಕ್ಕ ಒಂದನ್ನು ಕೈಯಲ್ಲೇ ಮಾಡಿ ನೋಡೋಣ.

ಆದಿ ಶಮೀರ್ 1979ರಲ್ಲಿ ತೋರಿಸಿದ ವಿಧಾನದ ತಿರುಳು ತುಂಬ ಸರಳ. ಎರಡು ಬಿಂದು ಸಿಕ್ಕರೆ ಒಂದು ಗೆರೆ ಎಳೆಯಬಹುದು, ಒಂದೇ ಬಿಂದುವಿನಿಂದ ಆಗುವುದಿಲ್ಲ. ನಮ್ಮ ಗುಟ್ಟು 9 ಎಂದಿಟ್ಟುಕೊಳ್ಳಿ. ಎಲ್ಲ ಲೆಕ್ಕವನ್ನೂ 17ರಿಂದ ಭಾಗಿಸಿ ಉಳಿದ ಶೇಷವನ್ನು ಮಾತ್ರ ಇಟ್ಟುಕೊಳ್ಳುತ್ತೇವೆ. ರ‍್ಯಾಂಡಮ್ ಆಗಿ 5 ಎಂಬ ಸಂಖ್ಯೆ ಆರಿಸಿ, 9ಕ್ಕೆ 5 ಕೂಡಿಸುತ್ತಾ ಹೋಗುತ್ತೇವೆ. ಮೊದಲನೆಯವರ ಪಾಲು 14. ಎರಡನೆಯವರದು 19, ಅಂದರೆ ಶೇಷ 2. ಮೂರನೆಯವರದು 24, ಶೇಷ 7. ಈಗ ಮೊದಲ ಇಬ್ಬರು ಕೂತರೆ, 14ರ ಎರಡು ಪಟ್ಟಿನಿಂದ 2 ಕಳೆಯಬೇಕು. 26, ಶೇಷ 9. ಗುಟ್ಟು ಸಿಕ್ಕಿತು.

ಈಗ ಎರಡನೆಯವರ ಪಾಲು ಹೇಗೋ ಕೆಟ್ಟು 2 ಇದ್ದದ್ದು 3 ಆಗಿದೆ ಅನ್ನಿ. ಅದೇ ಲೆಕ್ಕ ಮಾಡಿದರೆ 28ರಿಂದ 3 ಹೋಗಿ 25, ಶೇಷ 8. ನೋಡಿದಿರಾ? ಲೆಕ್ಕ ಎಲ್ಲೂ ನಿಲ್ಲಲಿಲ್ಲ, ತಪ್ಪು ಎಂದು ಯಾರೂ ಹೇಳಲಿಲ್ಲ. ಉತ್ತರ ಬಂತು, ಆದರೆ ತಪ್ಪು ಉತ್ತರ. ಶಮೀರ್ ವಿಧಾನದ ಸ್ವಭಾವವೇ ಇದು. ಯಾವ ಪಾಲು ಕೊಟ್ಟರೂ ಅದು ಏನೋ ಒಂದು ಕೀಲಿ ಕೊಡುತ್ತದೆ. ಆ ಕೀಲಿ ಸರಿಯೇ ಎಂದು ಹೇಳುವುದು ಅದರ ಕೆಲಸವಲ್ಲ.

ನಾನು ನೋಡಿಕೊಳ್ಳುತ್ತಿದ್ದ ಒಂದು ಸಂಗ್ರಹದಲ್ಲಿ ಇದು ಆಗಿಯೇ ಹೋಯಿತು. ಅಲ್ಲೂ ಐದು ಪಾಲು, ಮೂರು ಸಾಕು. ಪ್ರತಿಯೊಬ್ಬರೂ ತಮ್ಮ ಪಾಲಿನ ಜೊತೆ ಅದರ ಹ್ಯಾಶ್ (ಡೇಟಾದಿಂದ ಲೆಕ್ಕ ಹಾಕಿ ತೆಗೆದ, ಬೆರಳಚ್ಚಿನಂಥ ಚಿಕ್ಕ ಸಂಖ್ಯೆ) ಬರೆದ ಚೀಟಿ ಇಟ್ಟುಕೊಂಡಿದ್ದರು. ಪರೀಕ್ಷೆಯ ದಿನ ಮೂವರು ಬಂದರು, ಮೂವರ ಹ್ಯಾಶೂ ಚೀಟಿಗೆ ಸರಿಯಾಗಿ ಹೊಂದಿತು. ಮೂರನ್ನೂ ಸೇರಿಸಿದೆವು. 32 ಬೈಟಿನ ಕೀಲಿ ಬಂತು. ಕಡತ ಮಾತ್ರ ತೆರೆಯಲಿಲ್ಲ. ಎರಡು ದಿನ ಪ್ರೋಗ್ರಾಮ್‌ನಲ್ಲಿ ತಪ್ಪು ಹುಡುಕಿದೆವು. ಕೊನೆಗೆ ಒಬ್ಬರು ಲಕೋಟೆಯನ್ನು ತಿರುಗಿಸಿ ನೋಡಿದರು. ಹಿಂಬದಿಯಲ್ಲಿ ಪೆನ್ಸಿಲ್‌ನಲ್ಲಿ ಬರೆದ ತಾರೀಖು, ಪಾಲುಗಳನ್ನು ಹೊಸದು ಮಾಡುವ ಹಿಂದಿನ ವರ್ಷದ್ದು. ಅವರು ಹಳೆಯ ಪಾಲನ್ನೂ ಹಳೆಯ ಚೀಟಿಯನ್ನೂ ತಂದಿದ್ದರು. ಎರಡೂ ಒಂದಕ್ಕೊಂದು ಹೊಂದುತ್ತಿದ್ದವು, ಉಳಿದವರ ಪಾಲಿಗೆ ಹೊಂದುತ್ತಿರಲಿಲ್ಲ. ಪುಣ್ಯಕ್ಕೆ ಅದು ಪರೀಕ್ಷೆ. ನಾಲ್ಕನೆಯವರನ್ನು ಕರೆಸಿದೆವು, ಕಡತ ತೆರೆಯಿತು. ಅವತ್ತಿನಿಂದ ನಾನು ಬಿಡಿ ಬಿಡಿ ಪಾಲಿನ ಹ್ಯಾಶ್ ನೋಡಿ ಸಮಾಧಾನಪಟ್ಟುಕೊಳ್ಳುವುದನ್ನು ಬಿಟ್ಟಿದ್ದೇನೆ.

ನಿಮ್ಮಲ್ಲಿ ಎರಡು ಬೇರೆ ವಸ್ತು ಇವೆ, ಎರಡಕ್ಕೂ ಬೇರೆ ಪರೀಕ್ಷೆ ಬೇಕು. ಒಂದು ದೊಡ್ಡದು: ಎನ್‌ಕ್ರಿಪ್ಟ್ ಆದ 600 ಜಿಬಿಯ ಐದು ತುಣುಕು, ಒಂದೊಂದೂ 200 ಜಿಬಿ. ಇನ್ನೊಂದು ಚಿಕ್ಕದು: ಕೀಲಿಯ ಐದು ಪಾಲು, ಒಂದೊಂದೂ ಕೆಲವೇ ಬೈಟ್. ದೊಡ್ಡದರಲ್ಲಿ ಕಷ್ಟ ಗಾತ್ರದ್ದು. ಚಿಕ್ಕದರಲ್ಲಿ ಕಷ್ಟ ಗುಟ್ಟಿನದು.

ದೊಡ್ಡದನ್ನು ಮೊದಲು ನೋಡೋಣ. "ಇದೆಯೇ" ಎಂದು ಕೇಳಿ "ಇದೆ" ಎಂಬ ಉತ್ತರ ಪಡೆಯುವುದು ಪರೀಕ್ಷೆಯಲ್ಲ. ಸಾಫ್ಟ್‌ವೇರ್‌ಗಳಲ್ಲೂ ಈ ಎರಡು ಹಂತ ಬೇರೆ ಬೇರೆಯೇ. ಕಡತವನ್ನು ಹಲವು ಸರ್ವರ್‌ಗಳಿಗೆ ಹಂಚಿಡುವ ತಾಹೋ-ಎಲ್‌ಎಎಫ್‌ಎಸ್‌ನಲ್ಲಿ ಸುಮ್ನೆ ಚೆಕ್ ಎಂದರೆ ಯಾವ ಸರ್ವರ್ ಹತ್ತಿರ ಯಾವ ಪಾಲಿದೆ ಎಂದು ಕೇಳುತ್ತದೆ ಅಷ್ಟೇ. ವೆರಿಫೈ ಎಂದು ಸೇರಿಸಿದರೆ ಮಾತ್ರ ಪ್ರತಿ ಬೈಟನ್ನೂ ತಂದು ನೋಡುತ್ತದೆ. ರೆಸ್ಟಿಕ್ ಎಂಬ ಬ್ಯಾಕಪ್ ಪ್ರೋಗ್ರಾಮ್ ಕೂಡ ಹಾಗೆಯೇ: ಬರೀ ಚೆಕ್ ಎಂದರೆ ಡೇಟಾ ಪೂರ್ತಿ ಓದುವುದಿಲ್ಲ, ಓದು ಎಂದು ಬೇರೆಯಾಗಿ ಹೇಳಬೇಕು. ಇದು ಗೊತ್ತಿಲ್ಲದೆ ವರ್ಷಗಟ್ಟಲೆ ಹಸಿರು ಗುರುತು ನೋಡಿ ನೆಮ್ಮದಿಯಾಗಿರುವವರು ಜಾಸ್ತಿ.

ಹ್ಯಾಶ್ ಕೇಳಿದರೂ ಸಾಲದು. ತುಣುಕು ಇಟ್ಟುಕೊಂಡವರು ಮೊದಲ ದಿನವೇ ಹ್ಯಾಶ್ ಬರೆದಿಟ್ಟುಕೊಂಡಿದ್ದರೆ, ತುಣುಕು ಅಳಿಸಿ ಹೋದ ಮೇಲೂ ಅದೇ ಉತ್ತರ ಕೊಡಬಹುದು. ಮೋಸವೇ ಇರಬೇಕಂತಿಲ್ಲ. ಅವರ ಪ್ರೋಗ್ರಾಮ್ ಹಳೆಯ ಪಟ್ಟಿಯಿಂದ ಓದಿ ಹೇಳುತ್ತಿರಬಹುದು. ಅದಕ್ಕೇ ಪ್ರತಿ ಸಲವೂ ಹೊಸ ಸವಾಲು ಬೇಕು. 200 ಜಿಬಿಯನ್ನು ಒಂದೊಂದು ಎಂಬಿಯ ಬ್ಲಾಕ್ ಮಾಡಿದರೆ ಸುಮಾರು 2 ಲಕ್ಷ ಬ್ಲಾಕ್. ಮೊದಲ ದಿನ ಅವುಗಳ ಮೇಲೆ ಒಂದು ಮರ್ಕಲ್ ಮರ ಕಟ್ಟಿ (ಬ್ಲಾಕ್‌ಗಳ ಹ್ಯಾಶ್‌ಗಳನ್ನು ಎರಡೆರಡಾಗಿ ಸೇರಿಸಿ ಮತ್ತೆ ಹ್ಯಾಶ್ ಮಾಡುತ್ತಾ ಕೊನೆಗೆ ಒಂದೇ ಹ್ಯಾಶ್‌ಗೆ ತರುವುದು), ಅದರ ಬೇರಿನ, ಅಂದರೆ ಆ ಕೊನೆಯ ಹ್ಯಾಶ್‌ನ, 32 ಬೈಟನ್ನು ನೀವು ಇಟ್ಟುಕೊಳ್ಳಿ. ಆಮೇಲೆ ಯಾವಾಗ ಬೇಕಾದರೂ "ಇಷ್ಟನೆಯ ಬ್ಲಾಕ್ ಕೊಡಿ" ಎಂದು ಕೇಳಿ. ಬ್ಲಾಕ್ ಜೊತೆ 18 ಹ್ಯಾಶ್, ಅಂದರೆ 576 ಬೈಟ್, ಕಳಿಸಿದರೆ ಅದು ಮೂಲ ಬ್ಲಾಕೇ ಎಂದು ನೀವೇ ಲೆಕ್ಕ ಹಾಕಿ ನೋಡಬಹುದು.

ಎಷ್ಟು ಬ್ಲಾಕ್ ಕೇಳಬೇಕು? ನೂರಕ್ಕೆ ಒಂದು ಬ್ಲಾಕ್ ಕೆಟ್ಟಿದ್ದರೆ, ರ‍್ಯಾಂಡಮ್ ಆಗಿ 300 ಬ್ಲಾಕ್ ಕೇಳಿದಾಗ ಅದು ಸಿಕ್ಕಿಬೀಳುವ ಸಾಧ್ಯತೆ ಶೇ. 95. 460 ಕೇಳಿದರೆ ಶೇ. 99. ಒಟ್ಟು 2 ಲಕ್ಷ ಇರಲಿ, 20 ಲಕ್ಷ ಇರಲಿ, ಈ 460 ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ. ಸಂಗ್ರಹ ಬೆಳೆದ ಹಾಗೆ ಪರೀಕ್ಷೆ ಬೆಳೆಯಬೇಕಾಗಿಲ್ಲ. ಇದು ನನಗೆ ಇವತ್ತಿಗೂ ಸಂತೋಷ ಕೊಡುವ ಲೆಕ್ಕ.

ಆದರೆ ಬರೀ ಒಂದು ಬ್ಲಾಕ್ ಕೆಟ್ಟಿದ್ದರೆ? ಆಗ 460 ಕೇಳಿದರೂ ಅದು ಸಿಗುವುದು ತೀರಾ ಅಪರೂಪ. ಆ ಒಂದೇ ಬ್ಲಾಕ್‌ನಲ್ಲಿ ಒಬ್ಬರ ಇಡೀ ಮಾತಿನ ಆರಂಭ ಇರಬಹುದು. ಇದಕ್ಕೆ ಆರಿ ಜೂಯಲ್ಸ್ ಮತ್ತು ಬರ್ಟ್ ಕಲಿಸ್ಕಿ 2007ರಲ್ಲಿ ಕೊಟ್ಟ ಉಪಾಯ ನೋಡಿ. ಕಡತವನ್ನು ಇಡುವ ಮೊದಲೇ ಅದರ ಒಳಗೆ ತಪ್ಪು ತಿದ್ದುವ ಹೆಚ್ಚುವರಿ ಬ್ಲಾಕ್‌ಗಳನ್ನು ಸೇರಿಸಿಬಿಡುವುದು. ಆಗ ಸ್ವಲ್ಪ ಕೆಟ್ಟರೆ ಕಡತ ತಾನೇ ಸರಿಯಾಗುತ್ತದೆ. ಸರಿಮಾಡಲಾಗದಷ್ಟು ಕೆಡಬೇಕಾದರೆ ತುಂಬ ಬ್ಲಾಕ್ ಕೆಡಬೇಕು. ತುಂಬ ಕೆಟ್ಟರೆ ರ‍್ಯಾಂಡಮ್ ಪರೀಕ್ಷೆಗೆ ಸಿಕ್ಕಿಬೀಳುತ್ತದೆ. ಸಣ್ಣ ಗಾಯ ತಾನೇ ವಾಸಿ, ದೊಡ್ಡ ಗಾಯ ಕಣ್ಣಿಗೆ ಬೀಳುತ್ತದೆ, ನಡುವೆ ಅಡಗಿಕೊಳ್ಳಲು ಜಾಗ ಇಲ್ಲ. ಇಲ್ಲಿಗೆ ಬರುವವರೆಗೆ "ತುಣುಕು ಅವರ ಹತ್ತಿರ ಇದೆ" ಎಂದು ಮಾತ್ರ ಹೇಳಬಹುದಿತ್ತು. ಈಗ "ಅದನ್ನು ಮರಳಿ ಪಡೆಯಬಹುದು" ಎಂದು ಹೇಳಬಹುದು. ನಿಮ್ಮ ಐದು ತುಣುಕುಗಳ ನಡುವೆ ರೀಡ್-ಸಾಲೊಮನ್ ಇದೆ, ಸರಿ. ಪ್ರತಿ ತುಣುಕಿನ ಒಳಗೂ ಶೇ. 5ರಷ್ಟಾದರೂ ಇಂಥ ಹೆಚ್ಚುವರಿ ಸೇರಿಸಿ. ಪಾರ್2 ಎಂಬ ಹಳೆಯ, ಎಲ್ಲರಿಗೂ ಸಿಗುವ ಪ್ರೋಗ್ರಾಮ್ ಈ ಕೆಲಸ ಮಾಡುತ್ತದೆ. ಆದರೆ ಮರ್ಕಲ್ ಮರವನ್ನು ಅದಾದ ಮೇಲೆ, ಹೆಚ್ಚುವರಿ ಬ್ಲಾಕ್‌ಗಳನ್ನೂ ಸೇರಿಸಿಕೊಂಡು ಕಟ್ಟಿ.

ಇನ್ನೊಂದು ಎಚ್ಚರಿಕೆ, ಚಿಕ್ಕದಾಗಿ. ರೀಡ್-ಸಾಲೊಮನ್ ಗುಟ್ಟು ಕಾಯುವುದಿಲ್ಲ. ಅನೇಕ ಪ್ರೋಗ್ರಾಮ್‌ಗಳಲ್ಲಿ ಮೊದಲ ಮೂರು ತುಣುಕು ಮೂಲ ಕಡತವನ್ನು ಹಾಗೇ ಕತ್ತರಿಸಿದ್ದು. ನೀವು ಮೊದಲೇ ಎನ್‌ಕ್ರಿಪ್ಟ್ ಮಾಡಿದ್ದರಿಂದ ಚಿಂತೆಯಿಲ್ಲ.

ಈಗ ಕೀಲಿಯ ಪಾಲು. ಇಲ್ಲೇ ಹೆಚ್ಚಿನವರು ಎಡವುವುದು. ಮೂರು ಪಾಲು ಒಂದೆಡೆ ತಂದು ಕೀಲಿ ಮಾಡಿ ನೋಡಿದರೆ ಪರೀಕ್ಷೆ ಆಯಿತು, ಆದರೆ ಆ ಕ್ಷಣ ಕೀಲಿ ಒಂದು ಕಂಪ್ಯೂಟರಿನಲ್ಲಿ ಹುಟ್ಟಿತು. ಪ್ರತಿ ವರ್ಷ ಹೀಗೆ ಮಾಡಿದರೆ 25 ವರ್ಷದಲ್ಲಿ 25 ಸಲ ಗುಟ್ಟು ಹೊರಗೆ ಬಂದಂತೆ. ಪರೀಕ್ಷೆ ಮಾಡುವವರ ಹತ್ತಿರವೇ ಎಲ್ಲ ಪಾಲೂ ಸೇರಿದರೆ ಬೇಲಿಯೇ ಎದ್ದು ಹೊಲ ಮೇಯ್ದಂತೆ.

ಹಾಗಾದರೆ ಏನು ಮಾಡಬೇಕು? ಮತ್ತೆ ನಮ್ಮ ಸಣ್ಣ ಲೆಕ್ಕಕ್ಕೆ ಬನ್ನಿ. ಪಾಲುಗಳು 14, 2, 7. ಮೂರೂ ಒಂದೇ ಗೆರೆಯ ಮೇಲಿದ್ದರೆ, ಮೊದಲನೆಯದಕ್ಕೆ ಮೂರನೆಯದನ್ನು ಕೂಡಿಸಿ ಎರಡನೆಯದರ ಎರಡು ಪಟ್ಟು ಕಳೆದಾಗ ಶೇಷ ಸೊನ್ನೆ ಬರಬೇಕು. 14 ಮತ್ತು 7 ಸೇರಿ 21, ಅದರಲ್ಲಿ 4 ಕಳೆದರೆ 17. ಶೇಷ ಸೊನ್ನೆ. ಸರಿ ಇದೆ. ಆದರೆ ಇದಕ್ಕೆ ಮೂವರೂ ತಮ್ಮ ಪಾಲು ಬಾಯಿಬಿಟ್ಟು ಹೇಳಬೇಕಾಯಿತಲ್ವಾ? ಅದನ್ನು ತಪ್ಪಿಸಲು ಒಂದು ಮುಸುಕು ಹಾಕುತ್ತೇವೆ. ಇನ್ನೊಂದು ರ‍್ಯಾಂಡಮ್ ಗೆರೆ ತೆಗೆದುಕೊಳ್ಳಿ, ಅದರ ಬಿಂದುಗಳು 7, 10, 13. ಪ್ರತಿಯೊಬ್ಬರೂ ತಮ್ಮ ಪಾಲಿಗೆ ತಮ್ಮ ಮುಸುಕಿನ ಸಂಖ್ಯೆ ಕೂಡಿಸಿ ಬಂದದ್ದನ್ನು ಮಾತ್ರ ಹೇಳುತ್ತಾರೆ: 4, 12, 3. ಪರೀಕ್ಷಿಸುವವರು ಅದೇ ಲೆಕ್ಕ ಮಾಡುತ್ತಾರೆ. 4 ಮತ್ತು 3 ಸೇರಿ 7, ಅದರಲ್ಲಿ 24 ಕಳೆದರೆ ಮೈನಸ್ 17. ಶೇಷ ಸೊನ್ನೆ! ಗೆರೆಗೆ ಗೆರೆ ಕೂಡಿಸಿದರೆ ಗೆರೆಯೇ ಬರುತ್ತದೆ, ಅಷ್ಟೇ ಇಲ್ಲಿರುವ ರಹಸ್ಯ. ಎರಡನೆಯವರ ಪಾಲು ಕೆಟ್ಟು 3 ಆಗಿದ್ದರೆ ಅವರು 13 ಎನ್ನುತ್ತಿದ್ದರು, ಲೆಕ್ಕ ಮೈನಸ್ 19ಕ್ಕೆ ಬಂದು ಶೇಷ 15 ಆಗುತ್ತಿತ್ತು. ತಪ್ಪು ಸಿಕ್ಕಿತು. ಮತ್ತೆ 4, 12, 3 ನೋಡಿದವರಿಗೆ ಗುಟ್ಟಿನ ಬಗ್ಗೆ ಏನೂ ತಿಳಿಯುವುದಿಲ್ಲ. ಅವರಿಗೆ ಸಿಗುವುದು ಗುಟ್ಟು ಮತ್ತು ಮುಸುಕು ಸೇರಿದ 13 ಮಾತ್ರ. ಮುಸುಕು ಏನು ಬೇಕಾದರೂ ಇರಬಹುದು, ಹಾಗಾಗಿ ಗುಟ್ಟೂ ಏನು ಬೇಕಾದರೂ ಇರಬಹುದು.

ಮುಸುಕನ್ನು ಯಾರು ಮಾಡಬೇಕು? ಒಬ್ಬರೇ ಮಾಡಬಾರದು. ಐವರೂ ತಲಾ ಒಂದೊಂದು ರ‍್ಯಾಂಡಮ್ ಗೆರೆ ಮಾಡಿ ಉಳಿದವರಿಗೆ ಅವರವರ ಬಿಂದುವನ್ನು ಗುಟ್ಟಾಗಿ ಕಳಿಸಲಿ. ತಮಗೆ ಬಂದದ್ದನ್ನೆಲ್ಲ, ತಮ್ಮದೇ ಗೆರೆಯ ತಮ್ಮ ಬಿಂದುವನ್ನೂ ಸೇರಿಸಿ, ಕೂಡಿಸಿಕೊಂಡರೆ ಅದೇ ಮುಸುಕು, ಅದು ಪೂರ್ತಿಯಾಗಿ ಯಾರಿಗೂ ಗೊತ್ತಿರುವುದಿಲ್ಲ. ನಿಮ್ಮಲ್ಲಿ ಮೂರು ಪಾಲು ಬೇಕಾದ್ದರಿಂದ ನೇರ ಗೆರೆಯ ಬದಲು ಬಾಗಿದ ಗೆರೆ, ವರ್ಗದ ಪದ ಇರುವ ಸಮೀಕರಣ, ಬಳಸಬೇಕು. ಒಂದು ಮುಸುಕನ್ನು ಒಂದೇ ಸಲ ಬಳಸಬೇಕು. ಐದರಲ್ಲಿ ಮೂರು ಎಂಬ ನಿಮ್ಮ ವ್ಯವಸ್ಥೆಯಲ್ಲಿ ಇನ್ನೂ ಒಂದು ಲಾಭ ಇದೆ. ಒಂದು ಪಾಲು ಕೆಟ್ಟಿದ್ದರೆ, ಕೆಟ್ಟಿದೆ ಎಂದಷ್ಟೇ ಅಲ್ಲ, ಯಾರದ್ದು ಕೆಟ್ಟಿದೆ ಎಂದೂ ಈ ಲೆಕ್ಕ ಹೇಳುತ್ತದೆ. ಶಮೀರ್ ಪಾಲು ಮತ್ತು ರೀಡ್-ಸಾಲೊಮನ್ ಸಂಕೇತ ಒಳಗೊಳಗೆ ಒಂದೇ ಎಂದು ಮೆಕ್‌ಎಲೀಸ್ ಮತ್ತು ಸರ್ವಾತೆ 1981ರಲ್ಲೇ ತೋರಿಸಿದ್ದಾರೆ. ತಪ್ಪು ಹುಡುಕುವ ಶಕ್ತಿ ಅಲ್ಲಿಂದಲೇ ಬಂದದ್ದು. ನನಗೆ ಎರಡು ದಿನ ತಿಂದ ಆ ಹಳೆಯ ಲಕೋಟೆ ಈ ಪರೀಕ್ಷೆಗೆ ಐದು ನಿಮಿಷದಲ್ಲಿ ಸಿಕ್ಕಿಬೀಳುತ್ತಿತ್ತು.

ಪಾಲಿನ ಹ್ಯಾಶ್ ಬಹಿರಂಗವಾಗಿ ಇಡಬಹುದೇ ಎಂದು ನೀವು ಮುಂದೆ ಕೇಳುತ್ತೀರಿ. ಗುಟ್ಟು ಪೂರ್ತಿ ರ‍್ಯಾಂಡಮ್ ಆದ 256 ಬಿಟ್ ಕೀಲಿಯಾಗಿದ್ದರೆ ದೊಡ್ಡ ಅಪಾಯವಿಲ್ಲ. ಆದರೆ ಗುಟ್ಟು ಯಾರೋ ಯೋಚಿಸಿ ಇಟ್ಟ ಪಾಸ್‌ವರ್ಡ್ ಆಗಿದ್ದರೆ, ಅಥವಾ "ಹೌದು, ಇಲ್ಲ" ಎಂಬಂಥ ಸಣ್ಣ ಮಾಹಿತಿಯನ್ನೇ ನೇರವಾಗಿ ಪಾಲು ಮಾಡಿದ್ದರೆ, ಹ್ಯಾಶ್ ಇಡಲೇಬೇಡಿ. ನಿಮ್ಮಲ್ಲಿ ಇಬ್ಬರ ಪಾಲು ಕದ್ದವನು ಒಂದೊಂದೇ ಊಹೆ ಮಾಡಿ, ಆ ಊಹೆಗೆ ಮೂರನೆಯ ಪಾಲು ಏನಾಗಬೇಕು ಎಂದು ಲೆಕ್ಕ ಹಾಕಿ, ಹ್ಯಾಶ್ ಜೊತೆ ಹೋಲಿಸಿ ಗುಟ್ಟು ಹಿಡಿಯಬಹುದು. ಪಾಲು ಪರೀಕ್ಷಿಸಿಕೊಳ್ಳಲು ಪಾಲ್ ಫೆಲ್ಡ್‌ಮನ್ 1987ರಲ್ಲಿ ಹೇಳಿದ ವಿಧಾನಕ್ಕೂ ಇದೇ ತೊಂದರೆ. ಟೋರ್ಬೆನ್ ಪೆಡರ್ಸನ್ 1991ರಲ್ಲಿ ಕೊಟ್ಟ ವಿಧಾನದಲ್ಲಿ ಬಹಿರಂಗವಾಗಿ ಇಡುವ ಸಂಖ್ಯೆಗಳು ಗುಟ್ಟಿನ ಬಗ್ಗೆ ಏನೂ ಹೇಳುವುದಿಲ್ಲ, ಆದರೂ ಪ್ರತಿಯೊಬ್ಬರೂ ತಮ್ಮ ಪಾಲನ್ನು ತಾವೇ ಪರೀಕ್ಷಿಸಿಕೊಳ್ಳಬಹುದು. ಹೊಸದಾಗಿ ಶುರುಮಾಡುವವರಿಗೆ ನಾನು ಅದನ್ನೇ ಹೇಳುತ್ತೇನೆ.

ಇಷ್ಟೆಲ್ಲ ಪರೀಕ್ಷೆ ಮಾಡಿದರೂ ಒಂದು ಬಿರುಕು ಉಳಿಯುತ್ತದೆ. ಐದೂ ಪಾಲು ಒಂದಕ್ಕೊಂದು ಹೊಂದುತ್ತವೆ, ಆದರೆ ಅವು ಬೇರೆ ಯಾವುದೋ ಕೀಲಿಯ ಪಾಲಾಗಿದ್ದರೆ? ಮೊದಲ ದಿನವೇ ತಪ್ಪು ಕೀಲಿ ಹಂಚಿದ್ದರೆ ಮುಸುಕಿನ ಪರೀಕ್ಷೆ 25 ವರ್ಷವೂ "ಸರಿ" ಎನ್ನುತ್ತದೆ. ಅದಕ್ಕೆ ಮೂಲ ಕೀಲಿ ಅಳಿಸುವ ಮೊದಲು ಒಂದು ಕೆಲಸ ಕಡ್ಡಾಯ. ಐದರಲ್ಲಿ ಮೂರು ಆರಿಸಲು 10 ಬಗೆ ಇದೆ. ಹತ್ತೂ ಬಗೆಯಲ್ಲಿ ಕೀಲಿ ಕಟ್ಟಿ, ಹತ್ತೂ ಸಲ ನಿಜವಾದ ತುಣುಕುಗಳಿಂದ ಕಡತದ ಒಂದು ಭಾಗವನ್ನಾದರೂ ತೆರೆದು ನೋಡಬೇಕು. ನೀವು ಇದನ್ನು ಮಾಡಿಲ್ಲವಾದರೆ, ಐವರೂ ಬದುಕಿ ಜೊತೆಯಲ್ಲಿರುವಾಗಲೇ, ನೆಟ್‌ವರ್ಕ್ ಇಲ್ಲದ ಕಂಪ್ಯೂಟರಿನಲ್ಲಿ, ಐವರ ಕಣ್ಣೆದುರಲ್ಲಿ ಒಂದೇ ಸಲ ಮಾಡಿ. ರೆಕಾರ್ಡಿಂಗ್ ಕೇಳುವ ಅಗತ್ಯವಿಲ್ಲ. ಎಇಎಸ್ ಅನ್ನು ಜಿಸಿಎಂ ರೀತಿಯಲ್ಲಿ ಬಳಸಿದ್ದರೆ, ಕೀಲಿ ತಪ್ಪಿದ್ದರೆ ತಪ್ಪಿದೆ ಎಂದು ಅದು ತಾನಾಗಿಯೇ ಹೇಳುತ್ತದೆ. ಪರೀಕ್ಷೆ ಮುಗಿದ ಮೇಲೆ ಆ ಕಂಪ್ಯೂಟರಿನ ಡಿಸ್ಕ್ ನಾಶ ಮಾಡಿ.

ಆಮೇಲಿನ ವರ್ಷಗಳಿಗೆ ಒಂದು ಅಭ್ಯಾಸದ ಸಂಗ್ರಹ ಮಾಡಿಡಿ. ಗುಟ್ಟಿಲ್ಲದ ಯಾವುದಾದರೂ ಒಂದಷ್ಟು ಧ್ವನಿ ಕಡತಗಳನ್ನು ಅದೇ ಪ್ರೋಗ್ರಾಮ್‌ನಿಂದ ಎನ್‌ಕ್ರಿಪ್ಟ್ ಮಾಡಿ, ಹಾಗೆಯೇ ಹಂಚಿ, ಅದೇ ಐವರ ಕೈಯಲ್ಲಿ, ಅದೇ ಡಿಸ್ಕ್‌ಗಳಲ್ಲಿ ಇಡಿ. ವರ್ಷಕ್ಕೊಮ್ಮೆ ಅದನ್ನು ಪೂರ್ತಿ ತೆರೆಯಿರಿ. ಕಟ್ಟಿದವರು ಕೈ ಹಚ್ಚಬಾರದು. ಈ ವ್ಯವಸ್ಥೆಯನ್ನು ಹಿಂದೆ ನೋಡಿಲ್ಲದ ಒಬ್ಬರನ್ನು ಕೂರಿಸಿ, ಹೊಸ ಕಂಪ್ಯೂಟರ್ ಮತ್ತು ನೀವು ಬರೆದಿಟ್ಟ ಕಾಗದ ಮಾತ್ರ ಕೊಡಿ. ಅವರು ಕೇಳುವ ಪ್ರತಿ ಪ್ರಶ್ನೆಯೂ ನಿಮ್ಮ ಕಾಗದದಲ್ಲಿ ಬಿಟ್ಟುಹೋದ ಒಂದು ಸಾಲು. "ಯಾವ ಅವಿಭಾಜ್ಯ ಸಂಖ್ಯೆಯಿಂದ ಭಾಗಿಸಬೇಕು?" "ಈ ಪಾಲು ಒಂದನೆಯದೋ ಮೂರನೆಯದೋ?" "ಈ ಪ್ರೋಗ್ರಾಮ್ ಎಲ್ಲಿದೆ?" ಇವು ನನ್ನ ಮುಂದೆಯೇ ಬಂದ ಪ್ರಶ್ನೆಗಳು. ಪಾಲಿನ ಸಂಖ್ಯೆ 14 ಎಂದು ಗೊತ್ತಿದ್ದು, ಅದು ಎಷ್ಟನೆಯ ಪಾಲು ಎಂದು ಗೊತ್ತಿಲ್ಲದಿದ್ದರೆ ಲೆಕ್ಕ ನಡೆಯುವುದೇ ಇಲ್ಲ.

ಪಾಲು ಕಾಯುವವರ ಬಗ್ಗೆಯೂ ಒಂದು ಮಾತು. ಪ್ರತಿಯೊಂದು ಪಾಲೂ ಉಳಿಯುವ ಸಾಧ್ಯತೆ ಶೇ. 90 ಎಂದುಕೊಂಡರೆ, ಐದರಲ್ಲಿ ಮೂರಾದರೂ ಉಳಿಯುವ ಸಾಧ್ಯತೆ ಶೇ. 99ಕ್ಕಿಂತ ಸ್ವಲ್ಪ ಜಾಸ್ತಿ. ಕೇಳಲು ಚೆನ್ನಾಗಿದೆ. ಆದರೆ ಒಂದು ಹೋದರೆ ಇನ್ನೊಂದಕ್ಕೆ ಏನೂ ಆಗುವುದಿಲ್ಲ ಎಂದಾಗ ಮಾತ್ರ ಈ ಲೆಕ್ಕ ನಿಜ. ಮೂವರು ಒಂದೇ ಕಂಪನಿಯ ಕ್ಲೌಡ್‌ನಲ್ಲಿ ಇಟ್ಟಿದ್ದರೆ ನಿಮ್ಮಲ್ಲಿರುವುದು ಐದು ಜಾಗವಲ್ಲ, ಮೂರೇ. ಆ ಒಂದು ಕಂಪನಿ ಹೋದರೆ ಎಲ್ಲವೂ ಹೋದಂತೆ. ಐವರನ್ನೂ ಕೇಳಿ ಒಂದು ಪಟ್ಟಿ ಮಾಡಿ: ಯಾವ ಕಟ್ಟಡ, ಯಾವ ಕಂಪನಿ, ಯಾವ ಬಗೆಯ ಡಿಸ್ಕ್, ಅವರಿಲ್ಲದಾಗ ಯಾರಿಗೆ ಗೊತ್ತು.

ಎಷ್ಟು ದಿನಕ್ಕೊಮ್ಮೆ? ನಾನಾಗಿದ್ದರೆ ತುಣುಕುಗಳಿಗೆ ತಿಂಗಳಿಗೊಮ್ಮೆ 460 ಬ್ಲಾಕ್‌ನ ಸವಾಲು, ಪಾಲುಗಳಿಗೆ ಆರು ತಿಂಗಳಿಗೊಮ್ಮೆ ಮುಸುಕಿನ ಪರೀಕ್ಷೆ, ವರ್ಷಕ್ಕೊಮ್ಮೆ ಅಭ್ಯಾಸದ ಸಂಗ್ರಹ ತೆರೆಯುವುದು. ಮೊದಲನೆಯದನ್ನು ಕಂಪ್ಯೂಟರೇ ಮಾಡಿಕೊಳ್ಳುತ್ತದೆ.

ಯಾವತ್ತೋ ಒಂದು ದಿನ ಪರೀಕ್ಷೆ ಸೋಲುತ್ತದೆ. ಗಾಬರಿ ಬೇಡ, ಪರೀಕ್ಷೆ ಇರುವುದೇ ಅದಕ್ಕೆ. ಆದರೆ "ಇನ್ನೂ ನಾಲ್ಕಿವೆಯಲ್ಲ" ಎಂದು ಮುಂದೂಡಬೇಡಿ. ದೊಡ್ಡ ತುಣುಕು ಹೋಗಿದ್ದರೆ ಉಳಿದವುಗಳಲ್ಲಿ ಮೂರರಿಂದ ಅದನ್ನು ಮತ್ತೆ ಮಾಡಬಹುದು, ಕೀಲಿ ಬೇಕಾಗಿಲ್ಲ. ಕೀಲಿಯ ಪಾಲು ಹೋಗಿದ್ದರೆ ಉಳಿದವರು ತಮ್ಮ ಪಾಲನ್ನೇ ಮತ್ತೆ ಸಣ್ಣ ಪಾಲು ಮಾಡಿ ಹಂಚಿಕೊಂಡು, ಕೀಲಿಯನ್ನು ಎಲ್ಲೂ ಕಟ್ಟದೆಯೇ, ಐವರಿಗೂ ಹೊಸ ಪಾಲು ಮಾಡಬಹುದು. ಆಗ ಪ್ರತಿ ಹೊಸ ಪಾಲಿನ ಮೇಲೂ ಇದು ಎಷ್ಟನೆಯ ಪಾಲು, ಎಷ್ಟನೆಯ ಸಲದ ಹಂಚಿಕೆ ಎಂದು ದೊಡ್ಡದಾಗಿ ಬರೆಯಿರಿ. ಹೊಸ ಪಾಲುಗಳಿಗೆ ಅವತ್ತೇ ಒಮ್ಮೆ ಮುಸುಕಿನ ಪರೀಕ್ಷೆ ಮಾಡಿ. ಅದು ಗೆದ್ದ ಮೇಲೆ, ಹಳೆಯ ಲಕೋಟೆಗಳನ್ನು ಒಬ್ಬೊಬ್ಬರೂ ಅವರವರ ಜಾಗದಲ್ಲೇ, ಇನ್ನೊಬ್ಬರ ಎದುರಿನಲ್ಲಿ, ಸುಟ್ಟುಹಾಕಲಿ. ಮೂರು ಹಳೆಯ ಪಾಲು ಒಂದೆಡೆ ಸಿಕ್ಕರೆ ಅವೂ ಅದೇ ಕೀಲಿ ಕೊಡುತ್ತವೆ.